ಅಡುಗೆಮನೆ ಕಿಟಕಿಯ ಕಪ್ಪು ಟೇಪು

ಮನೆ, ಮಹಡಿಯ ಕೋಣೆ
ಮಾರ್ಚ್ 9, ಸೋಮವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಇವಳೇ,

ಪತ್ರ ಎಂದರೆ ಮೊದಲು ಕ್ಷೇಮ ವಿಚಾರಿಸಿ ಆಮೇಲೆ ಸುದ್ದಿಗೆ ಬರಬೇಕು, ಗೊತ್ತು. ಆದರೆ ಆರೋಪಿಗೆ ಅಷ್ಟು ಸಾವಧಾನ ಇರುವುದಿಲ್ಲ. ಆದ್ದರಿಂದ, ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೆರಡು, ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದವನು, ಸ್ವಸ್ಥ ಮನಸ್ಸಿನಿಂದ ಹಾಗೂ ಯಾರ ಬಲವಂತವೂ ಇಲ್ಲದೆ ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ, ಅಡುಗೆಮನೆ ಕಿಟಕಿಯ ಬಿಳಿ ಚೌಕಟ್ಟಿನ ಸುತ್ತ ನೀನು ಅಂಟಿಸಿದ್ದ ಕಪ್ಪು ಟೇಪನ್ನು ಕಿತ್ತವನು ನಾನೇ. ಶಾಖಕ್ಕೆ ಅಂಟು ಬಿಟ್ಟಿರಬೇಕು ಎಂದು ನಿನಗೆ ಹೇಳಿದವನೂ ನಾನೇ. ನಾನು ಹಾಗೆ ಹೇಳುತ್ತಿದ್ದ ಹೊತ್ತಿಗೆ ಆ ಟೇಪು ಉಂಡೆಯಾಗಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಅದು ಜೇಬಿನ ಬಟ್ಟೆಗೆ ಎಷ್ಟು ನಿಷ್ಠೆಯಿಂದ ಕಚ್ಚಿಕೊಂಡಿತೆಂದರೆ ಬಿಡಿಸಲು ಬಚ್ಚಲಲ್ಲಿ ಅರ್ಧ ಗಂಟೆ ಬೇಕಾಯಿತು. ಹೊಟ್ಟೆ ಸರಿಯಿಲ್ವಾ ಎಂದು ನೀನು ಹೊರಗಿನಿಂದ ಬಾಗಿಲು ತಟ್ಟಿದೆ. ಹೌದು ಎಂದೆ. ಅದು ಎರಡನೆಯ ಸುಳ್ಳು. ಅವತ್ತು ಮಧ್ಯಾಹ್ನ ನನಗೆ ಬರೀ ಗಂಜಿ ಸಿಕ್ಕಿತು. ಶಿಕ್ಷೆಯ ಒಂದು ಭಾಗ ಆಗಲೇ ಅನುಭವಿಸಿದ್ದೇನೆ ಎಂಬುದನ್ನು ನ್ಯಾಯಪೀಠ ಗಮನಿಸಬೇಕು.

ಈಗ ಹೇಳು, ಹೇಗಿದ್ದೀಯ? ಆಪರೇಷನ್ ಆದ ಕಣ್ಣಿನ ಊತ ಇಳಿಯಿತೇ? ಹನಿ ಔಷಧ ದಿನಕ್ಕೆ ನಾಲ್ಕು ಸಲ ಬೀಳುತ್ತಿದೆಯೇ, ಇಲ್ಲಾ ನಿನ್ನ ತಂಗಿ ಎರಡು ಸಲ ಹಾಕಿ ನಾಲ್ಕು ಸಲ ಎನ್ನುತ್ತಾಳೆಯೇ? ಈ ಪತ್ರವನ್ನು ನಿನಗೆ ಗಟ್ಟಿಯಾಗಿ ಓದಿ ಹೇಳುತ್ತಿರುವವಳೂ ಅವಳೇ ಎಂಬುದು ನೆನಪಿದೆ, ಬೇಕೆಂತಲೇ ಬರೆದೆ. ನಾದಿನಿಯವರಲ್ಲಿ ಒಂದು ವಿನಂತಿ. ತಾವು ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಇದನ್ನು ಓದಬಾರದು. ಅಲ್ಪವಿರಾಮ ಇದ್ದಲ್ಲಿ ಮಾತ್ರ ಉಸಿರು ತೆಗೆದುಕೊಳ್ಳಿ. ಜೀವಮಾನವಿಡೀ ಅಲ್ಪವಿರಾಮ ಹಾಕಿಯೇ ಅನ್ನ ತಿಂದವನು ನಾನು. ಮಧ್ಯೆ ಮಧ್ಯೆ "ಭಾವನ ತಲೆ" ಎಂದು ನೀವು ಸೇರಿಸುವ ಮಾತು ಮೂಲದಲ್ಲಿ ಇಲ್ಲ ಎಂದು ಅಕ್ಕನಿಗೆ ದಯವಿಟ್ಟು ತಿಳಿಸಿ.

ಫೋನು ಮಾಡಿದಾಗಲೆಲ್ಲ "ಅಕ್ಕ ಮಲಗಿದ್ದಾಳೆ ಭಾವ" ಎಂಬ ಉತ್ತರ ಬರುತ್ತದೆ. ಬೆಳಗ್ಗೆ ಒಂಬತ್ತಕ್ಕೂ ಮಲಗಿದ್ದೀಯ, ಸಂಜೆ ಐದಕ್ಕೂ ಮಲಗಿದ್ದೀಯ. ಮೂವತ್ತೊಂದು ವರ್ಷದಲ್ಲಿ ನೀನು ಹಗಲು ಮಲಗಿದ್ದನ್ನು ನಾನು ನೋಡಿಲ್ಲ. ಹೆರಿಗೆ ವಾರ್ಡಿನಲ್ಲಿ ನಮ್ಮ ಮಗುವನ್ನು ಕಳೆದುಕೊಂಡ ದಿನವೂ ಎದ್ದು ಕೂತು ಪಕ್ಕದ ಹಾಸಿಗೆಯವಳಿಗೆ ತಲೆ ಬಾಚಿದವಳು ನೀನು. ಆಪರೇಷನ್ ಆದ ಮೇಲೆ ನಾಲ್ಕು ದಿನ ಆರೈಕೆಗೆಂದು ನೀನು ಅಲ್ಲಿಗೆ ಹೋದೆ, ಹೋದ ತಿಂಗಳು ನಿನ್ನ ತಂಗಿಯ ಪತ್ರ ಬಂತು. ನೀನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾಳೆ. "ಅಕ್ಕ ಇನ್ಮೇಲೆ ಇಲ್ಲೇ ಇರ್ತಾಳಂತೆ ಭಾವ. ಆ ಮನೇಲಿ ಎಲ್ಲಾ ಬಿಳೀನೇ, ಗೋಡೆ ಎಲ್ಲಿ ಮುಗಿಯುತ್ತೆ ಕಿಟಕಿ ಎಲ್ಲಿ ಶುರುವಾಗುತ್ತೆ ತಿಳಿಯಲ್ಲ ಅಂತಾಳೆ. ಬಿದ್ರೆ ನಿಮಗೆ ಹೊರೆಯಂತೆ. ಅವರು ತಮಾಷೆ ಮಾಡ್ತಾರೆ, ಮೊದ್ಲು ನಗ್ತಿದ್ದೆ, ಈಗ ನಗೋಕೆ ನನ್ನ ಹತ್ರ ಶಕ್ತಿ ಇಲ್ಲ ಅಂದ್ಲು." ಕೊನೆಯ ವಾಕ್ಯವನ್ನು ಮೂರು ಸಲ ಓದಿದೆ. ತಪ್ಪು ಹುಡುಕುವ ಹಳೆಯ ಚಾಳಿ. ತಪ್ಪೇನೋ ಇತ್ತು, ಆದರೆ ಆ ಹಾಳೆಯಲ್ಲಿ ಇರಲಿಲ್ಲ.

ಉತ್ತರ ಬರೆಯಲು ಕೂತೆ. ಒಂದು ಗಂಟೆಯಲ್ಲಿ ಬಂದದ್ದು "ಪ್ರೀತಿಯ" ಮಾತ್ರ. ಎದ್ದು ಚಪ್ಪಲಿ ಮೆಟ್ಟಿಕೊಂಡು ಕಿಟಕಿ ಅಂಗಡಿಗೆ ಹೋದೆ.

ನೆನಪಿದೆಯಾ, ಎರಡು ವರ್ಷದ ಹಿಂದೆ ಒಂದು ಸಂಜೆ ಗೇಟಿನ ಹತ್ತಿರ ನಿಂತು ನೀನು ಮನೆಯನ್ನೇ ನೋಡುತ್ತಿದ್ದೆ. "ಈ ಬಿಳಿ ಚೌಕಟ್ಟು ತೆಗೆಸಿ ಕಪ್ಪಗಿರೋದು ಹಾಕ್ಸೋಣ ರೀ, ಹೊರಗಿನ ಗೋಡೆಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ" ಎಂದೆ. ನಾನು ಒಂದು ಭಾಷಣವನ್ನೇ ಕೊಟ್ಟೆ. ಬಿಳಿ ಎಂದರೆ ಶಾಂತಿ, ಬಿಳಿ ಎಂದರೆ ವಿಶಾಲ, ಅಚ್ಚಿನ ಪುಟದಲ್ಲೂ ಅಂಚು ಬಿಳಿಯೇ ಇರುವುದು ಎಂದೆಲ್ಲ. ಕಿಟಕಿಗೆ ಕಾಡಿಗೆ ಹಚ್ಚಿದರೆ ಮನೆ ದಾರಿಯಲ್ಲಿ ಹೋಗುವವರಿಗೆಲ್ಲ ಕಣ್ಣು ಹೊಡೆಯುತ್ತೆ ಕಣೇ ಎಂದೆ. ನೀನು ನಕ್ಕೆ. ನೀನು ನಕ್ಕರೆ ಮಾತು ಅಲ್ಲಿಗೆ ಮುಗಿಯಿತೆಂದು ನನ್ನ ಲೆಕ್ಕ. ಆಮೇಲೆ ನೀನು ಆ ಮಾತು ಎತ್ತಲಿಲ್ಲ. ಒಂದು ವರ್ಷ ಬಿಟ್ಟು ಅಡುಗೆಮನೆ ಕಿಟಕಿಗೆ ಟೇಪು ಬಂತು, ನನಗದು ಸಾವಿನ ಸುದ್ದಿಯ ಕಪ್ಪಂಚಿನ ಕಾಗದದ ಹಾಗೆ ಕಂಡಿತು, ಕಿತ್ತೆ. ಮರುವಾರವೇ, ನನ್ನ ಅಚ್ಚುಕೂಟದ ಗೆಳೆಯರು ಊಟಕ್ಕೆ ಬಂದಿದ್ದಾಗ, ತೆರೆದಿದ್ದ ಆ ಕಿಟಕಿಯ ಬಾಗಿಲ ಮೂಲೆಗೆ ನಿನ್ನ ಹಣೆ ಹೊಡೆಯಿತು. ಸದ್ದು ಊಟದ ಮೇಜಿನವರೆಗೂ ಕೇಳಿಸಿತು. "ನಮ್ಮನೆಯವಳಿಗೆ ಭಕ್ತಿ ಜಾಸ್ತಿ, ಕಿಟಕಿಗೂ ಹಣೆ ಹಚ್ಚುತ್ತಾಳೆ" ಎಂದೆ. ಎಲ್ಲರೂ ನಕ್ಕರು. ನೀನು ಹಣೆ ಒತ್ತಿಕೊಂಡು, ಪಾತ್ರೆ ಕೆಳಗಿಡದೆ, ನಕ್ಕುಕೊಂಡೇ ಬಡಿಸಿದೆ. ಇವಳೇ, ಆ ನಗುವಿನ ಹಿಂದೆ ನಿನಗೆ ಎಷ್ಟು ನೋವಾಗಿತ್ತು ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಜನವರಿಯಲ್ಲಿ ಡಾಕ್ಟರ ಎದುರು ನಾವಿಬ್ಬರೂ ಸ್ಟೂಲಿನ ಮೇಲೆ ಕೂತಿದ್ದೆವು. ಅವರು ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಕೊಟ್ಟು, ನಿಮ್ಮ ಮನೆಯವರಿಗೆ ಕಾಣೋದು ಇಷ್ಟೇ, ನಡುವೆ ಚೆನ್ನಾಗಿ ಕಾಣುತ್ತೆ, ಸುತ್ತಲಿಂದು ಹೋಗಿದೆ, ಬಿಳಿ ಮೇಲೆ ಬಿಳಿ ಇದ್ರೆ ಅಂಚು ತಿಳಿಯಲ್ಲ, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಣ ಎಂದರು. ಮನೇಲಿ ಬಾಗಿಲು, ಕಿಟಕಿ, ಮೆಟ್ಟಿಲು, ಎಲ್ಲದರ ಅಂಚಿಗೂ ಕಪ್ಪು ಟೇಪು ಹಚ್ಚಿ ಎಂದರು. ನೀನು ತಲೆ ತಗ್ಗಿಸಿಕೊಂಡು, "ಒಂದ್ಸಲ ಹಚ್ಚಿದ್ದೆ ಡಾಕ್ಟ್ರೇ, ನಿಲ್ಲಲಿಲ್ಲ" ಎಂದೆ. ಅಷ್ಟೇ ಎಂದೆ. ನನ್ನ ಕಡೆ ತಿರುಗಲೂ ಇಲ್ಲ. ಕಿತ್ತವನು ನಾನೆಂದು ನಿನಗೆ ಗೊತ್ತಿತ್ತು, ಅಲ್ಲವೇ? ಆ ಹಾಳೆಯ ಕೊಳವೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡೆ. ನಿನ್ನ ವಸ್ತುಗಳೆಲ್ಲ ನನ್ನ ಜೇಬಿಗೇ ಬಂದು ಬೀಳುತ್ತವೆ.

ಅಂಗಡಿಗೆ ಬರೋಣ. "ಡಾರ್ಕ್ ಅಂದ್ರೆ ಯಾವ ಡಾರ್ಕ್ ಸಾರ್?" ಎಂದು ಅಂಗಡಿಯವರು ಕೇಳಿದರು. ಗಾಢದಲ್ಲಿ ಇಷ್ಟು ಬಗೆ ಇದೆಯೆಂದು ಯಾರಿಗೆ ಗೊತ್ತಿತ್ತು. ಬಣ್ಣ ಬಳಿದ ಅಲ್ಯೂಮಿನಿಯಂ ತುಂಡುಗಳನ್ನು ಮೇಜಿನ ಮೇಲೆ ಹರಡಿದರು, ಒಟ್ಟು ಹನ್ನೊಂದು, ಒಂದೊಂದರ ಬೆನ್ನಿಗೂ ಒಂದು ನಂಬರು. ಅಪ್ಪಟ ಕಪ್ಪು ಬೇಡ, ಧೂಳು ಎದ್ದು ಕಾಣುತ್ತೆ. ಗೋಡೆ ಕೆನೆ ಬಣ್ಣ ಅಂತೀರಿ, ಗೇಟು ಕಪ್ಪು ಅಂತೀರಿ, ಕಪ್ಪಿಗೆ ಹತ್ತಿರದ ಬಣ್ಣ ಯಾವುದಾದರೂ ಒಪ್ಪುತ್ತೆ ಎಂದರು. ಮನೆಗೆ ತಗೊಂಡು ಹೋಗಿ ಗೋಡೆಗೆ ಹಿಡಿದು ಬೆಳಗಿನ ಬಿಸಿಲಲ್ಲಿ ಒಂದ್ಸಲ, ಸಂಜೆ ಒಂದ್ಸಲ ನೋಡಿ, ಹತ್ತಿರ ನಿಂತು ನೋಡಿದ್ರೆ ಎಲ್ಲಾ ಚೆಂದವೇ, ರಸ್ತೆಯಾಚೆ ನಿಂತು ನೋಡಿ ಎಂದು ಎರಡು ತುಂಡು ಕೊಟ್ಟರು. ಎರಡೂ ಒಂದೇ. ಒಂದನ್ನು ಕಳೆದುಕೊಂಡರೆ ಇನ್ನೊಂದು ಇರಲಿ ಎಂಬ ಮುಂದಾಲೋಚನೆ ಇರಬೇಕು. ನನ್ನ ಮುಖ ನೋಡಿದವರಿಗೆಲ್ಲ ಈ ಆಲೋಚನೆ ಬರುತ್ತದೆ. ಒಂದನ್ನು ಎಡ ಜೇಬಿಗೂ ಇನ್ನೊಂದನ್ನು ಬಲ ಜೇಬಿಗೂ ಹಾಕಿಕೊಂಡು, ಪ್ಯಾಂಟು ಜಾರದಂತೆ ಬೆಲ್ಟು ಹಿಡಿದು ಮನೆಗೆ ಬಂದೆ.

ಆಮೇಲಿನ ಮೂರು ದಿನ ನಾನು ಮಾಡಿದ್ದನ್ನು ನೀನು ನೋಡಬೇಕಿತ್ತು. ತುಂಡನ್ನು ಗೋಡೆಗೆ ಅಂಟಿಸುವುದು, ರಸ್ತೆ ದಾಟುವುದು, ನೋಡುವುದು. ಗಾಳಿಗೆ ತುಂಡು ಬೀಳುವುದು, ರಸ್ತೆ ದಾಟುವುದು, ಅಂಟಿಸುವುದು. ಎದುರುಮನೆ ಟೈಲರಮ್ಮ ತನ್ನ ಹೊಲಿಗೆ ಯಂತ್ರದ ಹಿಂದೆ ಕೂತು ಎಲ್ಲ ನೋಡುತ್ತಿದ್ದಳು. "ಏನ್ ಸಾರ್, ಮನೆ ಕಳೆದುಹೋದ ಹಾಗೆ ಹುಡುಕ್ತಿದ್ದೀರಿ?" ಎಂದಳು. ಮನೆ ಇದೆಯಮ್ಮ, ಮನೆಯಾಕೆ ಇಲ್ಲ ಎಂದೆ. ತಮಾಷೆಗೇ ಅಂದದ್ದು. ಅವಳು ನಗಲಿಲ್ಲ, ಯಂತ್ರ ನಿಲ್ಲಿಸಿ, ಒಂದು ಲೋಟ ನೀರು ತಂದುಕೊಟ್ಟಳು.

ಕೆಳಗಿನ ಮೂರು ಕಿಟಕಿಗೆ ಮೊದಲು ಎಡ ಜೇಬಿನ ತುಂಡು ಕೊಟ್ಟು ಅಳತೆ ಬರೆಸಿದೆ. ಮಹಡಿಯ ಎರಡಕ್ಕೆ ಏಣಿ ಬೇಕು ಎಂದು ಮೇಸ್ತ್ರಿ ಒಂದು ವಾರ ತಡೆದು ಬಂದರು. ಅವಕ್ಕೆ ಬಲ ಜೇಬಿನದು ಕೊಟ್ಟೆ. ಮೊನ್ನೆ ಶನಿವಾರ ಕೊನೆಯ ಚೌಕಟ್ಟು ಕೂತಿತು. ಸುಟ್ಟ ಕಾಫಿಬೀಜದ ಬಣ್ಣ. ಬಣ್ಣ ಕಟ್ಟಿ ಹೇಳುತ್ತಿಲ್ಲ, ನಿಜವಾಗಿ ಮನೆಗೆ ಹುಬ್ಬು ಬಂದಿದೆ. ಇಷ್ಟು ವರ್ಷ ನಿದ್ದೆಗಣ್ಣಲ್ಲಿ ನಿಂತಿದ್ದ ಮನೆ ಈಗ ರಸ್ತೆಯನ್ನು ನೆಟ್ಟಗೆ ನೋಡುತ್ತದೆ. ಮೇಸ್ತ್ರಿ ಏಣಿ ಇಳಿದು ರಸ್ತೆಗೆ ಹೋಗಿ ನೋಡಿ, "ಮೂವತ್ತು ವರ್ಷದಿಂದ ಕಿಟಕಿ ಕೂಡಿಸ್ತಿದೀನಿ ಸಾರ್, ಇಂಥ ಧೈರ್ಯ ಯಾರೂ ಮಾಡಿರ್ಲಿಲ್ಲ" ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಅವತ್ತಿನಿಂದ ದಾರಿಹೋಕರು ನಿಂತು ಮೇಲೊಮ್ಮೆ ಕೆಳಗೊಮ್ಮೆ ನೋಡಿ ಹೋಗುತ್ತಿದ್ದಾರೆ. ನಿನ್ನೆ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದರು. ಬಣ್ಣದ ಆಯ್ಕೆಯಲ್ಲಿ ನಿನ್ನ ಗಂಡನಿಗೆ ಇಷ್ಟು ಕಣ್ಣಿದೆ ಎಂದು ನೀನೂ ಅಂದುಕೊಂಡಿರಲಿಕ್ಕಿಲ್ಲ.

ಒಳಗಿನದು ಹೇಳುತ್ತೇನೆ ಕೇಳು, ನಿನಗೆ ಬೇಕಾದ್ದು ಅದೇ. ಡಾಕ್ಟರು ಕೊಟ್ಟ ಹಾಳೆಯ ಕೊಳವೆಯನ್ನು ಬಿಡಿಸಿ ಮತ್ತೆ ಸುತ್ತಿ, ಒಂದು ಕಣ್ಣಿಗೆ ಅದನ್ನು ಹಿಡಿದು, ಇನ್ನೊಂದನ್ನು ಮುಚ್ಚಿಕೊಂಡು ನಮ್ಮ ಮನೆಯಲ್ಲಿ ನಡೆದೆ. ಮೊದಲ ದಿನ, ಹಳೆಯ ಬಿಳಿ ಚೌಕಟ್ಟುಗಳು ಇನ್ನೂ ಇದ್ದಾಗ, ಕುರ್ಚಿಯನ್ನು ಎರಡು ಸಲ, ಬಾಗಿಲನ್ನು ಒಂದು ಸಲ ಎಡವಿ, ಅಡುಗೆಮನೆಗೆ ಬಂದು ಕಿಟಕಿ ಹುಡುಕಿದೆ. ಸಿಗಲಿಲ್ಲ. ಬಿಳಿ, ಬಿಳಿ, ಬಿಳಿ, ಆಮೇಲೆ ಹಣೆಗೆ ಮೂಲೆ. ನಿನಗೆ ಹೊಡೆದ ಅದೇ ಮೂಲೆ. ನಿನ್ನ ಎರಡು ವರ್ಷ ನನಗೆ ಹತ್ತು ನಿಮಿಷದಲ್ಲಿ ಅರ್ಥವಾಯಿತು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಿನ್ನೆ ಮತ್ತೆ ಕೊಳವೆ ಹಿಡಿದು ಹೋದೆ. ಅಡುಗೆಮನೆಯ ಬಾಗಿಲಲ್ಲೇ ಕಂಡಿತು: ಗಾಢ ಚೌಕಟ್ಟಿನ ನಡುವೆ ಕತ್ತರಿಸಿ ಇಟ್ಟ ಹಾಗೆ ಬೆಳಕು. ಇಲ್ಲಿಂದ ಇಲ್ಲಿಯವರೆಗೆ ಗೋಡೆ, ಇಲ್ಲಿಂದ ಕಿಟಕಿ. ಮೆಟ್ಟಿಲಿಗೂ ಟೇಪು ಹಚ್ಚಿದ್ದೇನೆ, ಹದಿನಾಲ್ಕು ಮೆಟ್ಟಿಲಿಗೂ. ಎರಡನೆಯದು ಸೊಟ್ಟಗೆ ಬಂತು. ಬೇರೆ ಹಚ್ಚಬಹುದು, ಆದರೆ ಕೀಳಲು ನನಗೆ ಕೈ ಬರಲಿಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ಅಡುಗೆ ಎನ್ನಬಹುದಾದ ಒಂದು ಪದಾರ್ಥ ಬೆಳಗ್ಗೆ ಮಾಡಿ ಸಂಜೆಯೂ ಅದನ್ನೇ ತಿನ್ನುತ್ತೇನೆ. ಹಳೆಯ ಅಚ್ಚುಕೂಟದವರು ಈಗಲೂ ಆಗಾಗ ಕರಡು ಕಳಿಸುತ್ತಾರೆ. ಎಲ್ಲರೂ ಕೆಂಪು ಶಾಯಿಯಲ್ಲಿ ತಿದ್ದಿದರೆ ನಾನೊಬ್ಬ ಪೆನ್ಸಿಲಿನವನು, ತಿದ್ದುವವನಿಗೂ ವಿನಯ ಬೇಕು ಎಂಬ ನನ್ನ ಸಿದ್ಧಾಂತ ನಿನಗೆ ಗೊತ್ತಲ್ಲ. ಬಟ್ಟೆ ನಾನೇ ಒಗೆಯುತ್ತೇನೆ. ಲಾಂಡ್ರಿಯವರ ಗುರುತು ಎಂದು ನೀನು ಹೇಳುತ್ತಿದ್ದ, ಕಾಲರಿನ ಮತ್ತು ಸೊಂಟಪಟ್ಟಿಯ ಒಳಗಿನ ಆ ದಾರದ ಗಂಟುಗಳನ್ನು ಈಗಲೂ ಪಾಲಿಸುತ್ತೇನೆ: ಒಂದು ಗಂಟಿನ ಅಂಗಿಗೆ ಒಂದು ಗಂಟಿನ ಪ್ಯಾಂಟು, ಎರಡಕ್ಕೆ ಎರಡು. ನಾವು ಲಾಂಡ್ರಿಗೆ ಕೊಡುವುದು ಬಿಟ್ಟು ಇಪ್ಪತ್ತು ವರ್ಷವಾಯಿತು, ಗಂಟು ಮಾತ್ರ ಹೊಸ ಅಂಗಿಗೂ ಬರುತ್ತಲೇ ಇದೆ. ಯಾಕೆಂದು ನಾನು ಕೇಳಿಲ್ಲ, ನೀನು ಹೇಳಿಲ್ಲ.

ಇವಳೇ, ನಿನ್ನ ಮೇಲೆ ನನಗೆ ಒಂದೇ ಒಂದು ಸಿಟ್ಟು. ಎರಡು ವರ್ಷ ನಿನಗೆ ಸುತ್ತಲಿನದೆಲ್ಲ ಮಸುಕಾಗುತ್ತ ಬಂತು, "ಕಾಣಿಸ್ತಿಲ್ಲ ರೀ" ಎಂಬ ಎರಡು ಶಬ್ದ ನಿನ್ನ ಬಾಯಿಂದ ಬರಲಿಲ್ಲ. ಗೋಡೆಗೆ ಒಪ್ಪುತ್ತೆ ಎಂದು ಸುತ್ತಿ ಬಳಸಿ ಹೇಳಿದೆ. ನಾನು ಅಷ್ಟು ಪರಕೀಯನೇ? ನಾನಾಗಿದ್ದರೆ ಮೊದಲ ದಿನವೇ ಬಂದು ಹೇಳುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ನಾನು ನಿನ್ನಿಂದ ಮುಚ್ಚಿಟ್ಟದ್ದು ಆ ಟೇಪಿನ ಉಂಡೆ ಒಂದೇ, ಈ ಪತ್ರದ ತಲೆಯಲ್ಲೇ ಅದನ್ನೂ ಬಿಚ್ಚಿಟ್ಟಿದ್ದೇನೆ. ಇನ್ನು ನನ್ನದು ತೆರೆದ ಕಿಟಕಿ, ನಿನ್ನಿಂದ ಬಚ್ಚಿಡುವಂಥದ್ದು ಒಳಗೇನೂ ಉಳಿದಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲೆ.

ನಗಬೇಕಾಗಿಲ್ಲ. ನನ್ನ ತಮಾಷೆಗೆ ನೀನು ನಗಬೇಕೆಂದು ಯಾವ ಕಾನೂನೂ ಇಲ್ಲ. ನಾನು ತಮಾಷೆ ಮಾಡುವುದನ್ನೇ ಬಿಡುತ್ತೇನೆ ಎಂದು ಬರೆಯಲು ಹೊರಟೆ, ಅದು ನಿನಗೆ ಮತ್ತೊಂದು ತಮಾಷೆಯಾಗಿ ಕೇಳಿಸೀತೆಂದು ಬಿಟ್ಟೆ. ಬಾ, ಸುಮ್ಮನೆ ಕೂತಿರು. ಸಂಜೆ ಬೆಳಕು ಅಡುಗೆಮನೆಗೆ ಹೇಗೆ ಬರುತ್ತದೆಂದು ನೋಡು. ಬೇಡವೆನಿಸಿದರೆ ಮತ್ತೆ ತಂಗಿಯ ಮನೆಗೆ ನಾನೇ ತಂದು ಬಿಡುತ್ತೇನೆ, ಒಂದು ಮಾತೂ ಆಡದೆ.

ನಿನ್ನ ತಂಗಿಯ ಯಜಮಾನರಿಗೆ ನಮಸ್ಕಾರ ತಿಳಿಸು. ತಂಗಿಯ ಗಂಟಲಿಗೆ ಬಿಸಿನೀರು ಸಿಗಲಿ, ನಿನ್ನ ಕಣ್ಣು ತಣ್ಣಗಿರಲಿ.

ಬಾಗಿಲ ಕಡೆಗೇ ಕಿವಿಯಿಟ್ಟಿರುವ,
ನಿನ್ನ "ರೀ"

ತಾ.ಕ.: ನಾದಿನಿಯವರೇ, ನೀವು ಇಲ್ಲಿಗೆ ನಿಲ್ಲಿಸಿ ಹಾಳೆಯನ್ನು ಅಕ್ಕನ ಕೈಗೆ ಕೊಡಿ. ಇಲ್ಲಿಂದ ಮುಂದೆ ದಪ್ಪ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ, ಒಂದು ಹಾಳೆಗೆ ಆರೇ ಸಾಲು ಬರೆದಿದ್ದೇನೆ. ಅವಳೇ ಓದಲಿ.

ಇವಳೇ, ಲಕೋಟೆ ಅಂಟಿಸಿ ಅಂಚೆಗೆ ಹಾಕಲು ಗೇಟು ದಾಟಿದೆ. ಟೈಲರಮ್ಮ ಕರೆದಳು. "ಒಂದು ಮಾತು ಕೇಳ್ತೀನಿ ಸಾರ್, ಬೇಜಾರು ಮಾಡ್ಕೋಬೇಡಿ. ಕೆಳಗೆ ಕಡು ಹಸಿರು, ಮೇಲೆ ಕೆಂಗಂದು. ಬೇಕಂತಲೇ ಹಾಕ್ಸಿದ್ದಾ?" ಬೇಕೆಂತಲೇ ಎನ್ನಲು ಬಾಯಿ ತೆರೆದೆ, ಒಂದು ತಮಾಷೆಯೂ ಸಿದ್ಧವಾಗಿತ್ತು. ಅಷ್ಟರಲ್ಲಿ ಅವಳೇ ದನಿ ತಗ್ಗಿಸಿ, "ನನಗೆ ಗೊತ್ತು ಬಿಡಿ ಸಾರ್. ನಿಮ್ಮ ಬಟ್ಟೆಗೆಲ್ಲ ಒಳಗಡೆ ಗಂಟು ಹಾಕ್ಸೋಕೆ ನಿಮ್ಮ ಮನೆಯವರು ಬರ್ತಿದ್ದದ್ದು ನನ್ನ ಹತ್ರಾನೇ. ಹಸಿರಿನ ಕಡೆಗೆ ಒಂದು, ಕಂದಿನ ಕಡೆಗೆ ಎರಡು. ನನಗೆ ಗೊತ್ತಿರೋದು ನಮ್ಮ ಯಜಮಾನರಿಗೆ ಗೊತ್ತಾದ್ರೆ ನೊಂದ್ಕೋತಾರೆ, ಹೇಳ್ಬೇಡಿ ಅಂದಿದ್ರು" ಎಂದಳು.

ಪೆನ್ಸಿಲು ವಿನಯಕ್ಕಲ್ಲ. ಕೆಂಪು ಶಾಯಿ ನನಗೆ ಕೆಂಪಾಗಿ ಕಂಡೇ ಇಲ್ಲ. ಹಸಿರು, ಕೆಂಪು, ಕಂದು, ಹುಟ್ಟಿದಂದಿನಿಂದ ನನಗೆ ಎಲ್ಲ ಒಂದೇ. ಮದುವೆಗೆ ಮೊದಲು ಹೇಳಬೇಕೆಂದಿದ್ದೆ, ನೀನು ಬೇಡವೆಂದೀಯ ಎಂದು ಹೆದರಿದೆ. ಆಮೇಲೆ ನಾಚಿಕೆಯಾಯಿತು. ಆಮೇಲೆ ತಮಾಷೆ ಅಭ್ಯಾಸವಾಯಿತು. ತೆರೆದ ಕಿಟಕಿ ಎಂದು ಹಿಂದಿನ ಹಾಳೆಯಲ್ಲಿ ಬರೆದದ್ದನ್ನು ಹೊಡೆದು ಹಾಕು. ನನ್ನ ಬಣ್ಣ ಇಡೀ ಬೀದಿಯ ಎದುರು ಬಯಲಾಗಿದೆ, ಕೆಳಗೊಂದು ಮೇಲೊಂದು.

ನೀನು ನನಗೆಂದು ಹಾಕಿದ ಗುರುತನ್ನು ಮೂವತ್ತೊಂದು ವರ್ಷ ಕುತ್ತಿಗೆಯ ಹಿಂದೆ ಹೊತ್ತು ತಿರುಗಿದೆ. ನೀನು ನಿನಗೆಂದು ಹಾಕಿಕೊಂಡದ್ದು ಒಂದೇ ಒಂದು, ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಮೇಸ್ತ್ರಿಗೆ ಫೋನು ಮಾಡಿದೆ, ಗುರುವಾರ ಬರುತ್ತಾರೆ. ಯಾವುದನ್ನು ಉಳಿಸ್ಲಿ, ಯಾವುದನ್ನು ಬದಲಾಯಿಸ್ಲಿ ಎಂದು ಕೇಳುತ್ತಾರೆ. ನಡುವೆ ಇನ್ನೂ ಚೆನ್ನಾಗಿ ಕಾಣುತ್ತೆ, ಬಣ್ಣವೂ ತಿಳಿಯುತ್ತೆ ಎಂದು ಡಾಕ್ಟರು ನಿನಗೆ ಹೇಳಿದ್ದಾರೆ. ಬಂದು ರಸ್ತೆಯಾಚೆ ನನ್ನ ಪಕ್ಕ ನಿಂತು ಹೇಳು. ಈಗಷ್ಟೇ ಅಲ್ಲಿ ಅರ್ಧ ಗಂಟೆ ನಿಂತು ನೋಡಿ ಬಂದೆ. ಯಾವುದು ಹಸಿರು, ಯಾವುದು ಕಂದು, ನನಗೆ ಕಾಣಿಸ್ತಿಲ್ಲ ಕಣೇ.